ಬಾಡಿಗೆ ಐಸ್ ಸ್ಕೇಟ್ ಕಾಲಿಗೆ ಸರಿಯಾಗಿ ಕೂರಿಸ್ಕೊಳ್ಳೋದು ಹೇಗೆ: ಮೊದಲ ಸಲ ಹೋಗೋರಿಗೆ ಪೂರ್ತಿ ಮಾರ್ಗದರ್ಶಿ

ನಮ್ಮ ಹಾಸನದ ಮಕ್ಕಳಿಗೆ ಸ್ಕೇಟಿಂಗ್ ಅಂದ್ರೆ ಚಕ್ರದ್ದೇ. ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲ್ಲ, ಅಷ್ಟೊತ್ತಿಗೇ ಹೆಲ್ಮೆಟ್ ಹಾಕ್ಕೊಂಡು ಕ್ಲಾಸಿಗೆ ಹೊರಟಿರ್ತಾರೆ, ನನ್ನ ಮಗಳೂ ಎರಡು ವರ್ಷದಿಂದ ಹೋಗ್ತಿದಾಳೆ. ದಸರಾ ರಜಕ್ಕೆ ಬೆಂಗಳೂರಲ್ಲಿ ನಮ್ಮಕ್ಕನ ಮನೆಗೆ ಹೋದಾಗ ಐಸ್ ಸ್ಕೇಟಿಂಗೂ ಮಾಡಿಸೋಣ ಅಂತ ಅಲ್ಲೊಂದು ರಿಂಕಿಗೆ ಕರ್ಕೊಂಡು ಹೋದ್ವಿ. ಕೌಂಟರಲ್ಲಿ "ಸೈಜ್ ಎಷ್ಟು" ಅಂದ್ರು, "ಮೂರು" ಅಂದೆ, ಒಂದು ಜೊತೆ ಮುಂದಕ್ಕೆ ತಳ್ಳಿದ್ರು, ಹಿಂದೆ ಕ್ಯೂ ಇತ್ತು, ಸುಮ್ನೆ ತಗೊಂಡು ಬಂದ್ವಿ. ಹತ್ತೇ ನಿಮಿಷಕ್ಕೆ "ಅಮ್ಮಾ, ಕಾಲು ಜೋಮು ಹಿಡೀತಿದೆ, ಬೆರಳು ಇರೋದೇ ಗೊತ್ತಾಗ್ತಿಲ್ಲ" ಅಂದ್ಳು. ಹೊಸದಲ್ವಾ ಪುಟ್ಟಿ, ಅಭ್ಯಾಸ ಆಗುತ್ತೆ ಅಂತ ನಾನೇ ವಾಪಸ್ ಕಳಿಸ್ದೆ. ಕೊನೆಗೆ ಶೂ ಬಿಚ್ಚಿ ನೋಡಿದ್ರೆ ಕಾಲಿನ ಗಂಟಿನ ಮೂಳೆ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಬೊಬ್ಬೆ, ಸಾಕ್ಸಿಗೆ ಅಂಟ್ಕೊಂಡಿತ್ತು. ಅದನ್ನ ನೋಡಿ ನನಗೆ ಹೊಟ್ಟೆ ಉರಿದುಹೋಯ್ತು.

ಎರಡು ದಿನ ಬಿಟ್ಟು ಬೊಬ್ಬೆ ಮೇಲೆ ಪ್ಲಾಸ್ಟರ್ ಹಾಕಿ ಮತ್ತೆ ಹೋದ್ವಿ, ಅವಳೇ ಹಟ ಹಿಡಿದ್ಳು. ಈ ಸಲ ಮೂರು ಜೊತೆ ಬದಲಾಯಿಸ್ದೆ, ಲೇಸ್ ನಾನೇ ಕೂತು ಕಟ್ಟಿದೆ. ಅರ್ಧ ಗಂಟೆಯಲ್ಲಿ ಗೋಡೆ ಬಿಟ್ಟು ಒಂದು ಸುತ್ತು ಬಂದ್ಳು. ಮಗು ಅದೇ, ಐಸ್ ಅದೇ, ಶೂ ಮಾತ್ರ ಬೇರೆ. ಆವತ್ತಿಂದ ಯಾರು ಹೋಗ್ತೀವಿ ಅಂದ್ರೂ ನಾನು ಹೇಳೋದು ಒಂದೇ: ಕೌಂಟರ್ ಮುಂದೆ ಸಂಕೋಚ ಪಡಬೇಡಿ, ಕಾಲಿಗೆ ಕೂರದ ಶೂ ವಾಪಸ್ ಕೊಟ್ಟು ಬೇರೆ ಕೇಳಿ, ನೀವು ದುಡ್ಡು ಕೊಟ್ಟಿರ್ತೀರ. ನಮ್ಮ ಕಡೆಯಿಂದ 185 ಕಿಲೋಮೀಟರ್ ಹೋಗಿ "ನಮಗೆ ಇದೆಲ್ಲ ಆಗಲ್ಲ ಬಿಡಿ" ಅಂತ ಬರೋರಲ್ಲಿ ಎಷ್ಟೋ ಜನಕ್ಕೆ ತೊಂದರೆ ಕೊಟ್ಟಿರೋದು ಕಾಲಲ್ಲ, ಶೂ.

ಮನೆಯಲ್ಲೇ ಮಾಡ್ಕೊಂಡು ಹೋಗೋ ಕೆಲಸ

ಮೊದಲು ಪಾದ ಅಳೀರಿ. ಒಂದು ಎ4 ಹಾಳೆ ಗೋಡೆಗೆ ತಾಗೋ ಹಾಗೆ ನೆಲದ ಮೇಲಿಟ್ಟು ಹಿಮ್ಮಡಿ ಗೋಡೆಗೆ ಒತ್ತಿ ನಿಂತ್ಕೊಳ್ಳಿ, ಕೂತು ಅಳೀಬೇಡಿ, ನಿಂತಾಗ ಪಾದ ಉದ್ದ ಆಗುತ್ತೆ. ಉದ್ದದ ಬೆರಳ ತುದಿಗೆ ಪೆನ್ಸಿಲ್ ಗುರುತು ಹಾಕಿ ಮಿಲಿಮೀಟರಲ್ಲಿ ಬರ್ಕೊಳ್ಳಿ, ಎರಡೂ ಕಾಲಿಂದು, ಯಾಕಂದ್ರೆ ತುಂಬಾ ಜನಕ್ಕೆ ಒಂದು ಪಾದ ಸ್ವಲ್ಪ ದೊಡ್ಡದಿರುತ್ತೆ. ಸಾಯಂಕಾಲ ಅಳೆದ್ರೆ ಒಳ್ಳೇದು, ದಿನವೆಲ್ಲ ಓಡಾಡಿ ಪಾದ ಊದಿರುತ್ತೆ. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ 2017ರಿಂದ ರೈಲಿದೆ, ಮೂರು ಗಂಟೆ ಮೇಲೇ ಕಾಲು ಇಳಿಬಿಟ್ಟು ಕೂತು ಹೋಗಿರ್ತೀರ, ಬಸ್ಸಾದ್ರೆ ಇನ್ನೂ ಜಾಸ್ತಿ, ಇಳಿದ ತಕ್ಷಣ ಸ್ಕೇಟ್ ಹಾಕಿದ್ರೆ ಬಿಗಿ ಅನ್ಸೇ ಅನ್ಸುತ್ತೆ. ಒಂದರ್ಧ ಗಂಟೆ ಓಡಾಡಿ ಆಮೇಲೆ ಹೋಗಿ.

ಮಿಲಿಮೀಟರ್ ಯಾಕೆ ಅಂದ್ರೆ ರಿಂಕಲ್ಲಿ ಸೈಜ್ ನಂಬರ್ ಒಂದೊಂದು ಕಡೆ ಒಂದೊಂದು ತರ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗೋ ನಂಬರ್ ಬ್ರಿಟನ್ ಅಳತೆದು, ಬಾಡಿಗೆ ಸ್ಕೇಟ್ ಮೇಲೆ ಯುರೋಪಿಂದಿದ್ರೆ ನಿಮ್ಮ 7 ಅಲ್ಲಿ ಸುಮಾರು 41 ಆಗುತ್ತೆ, ಅಮೆರಿಕದ ಗಂಡಸರ ಅಳತೆ ಆದ್ರೆ 8. ಬರೀ "ಏಳು" ಅಂದು ತಗೊಂಡ್ರೆ ಏನು ಬರುತ್ತೋ ಗೊತ್ತಿಲ್ಲ. ಪಾದದ ಉದ್ದ ಹೇಳಿದ್ರೆ ಈ ಗೊಂದಲ ಇರಲ್ಲ.

ಇನ್ನು ಸಾಕ್ಸ್. ಇಲ್ಲೇ ಎಲ್ಲರೂ ಎಡವೋದು. ಐಸ್ ಅಂದ ತಕ್ಷಣ ಚಳಿ ಅಂತ ಮುಳ್ಳಯ್ಯನಗಿರಿಗೆ ಹಾಕೋ ದಪ್ಪ ಉಣ್ಣೆ ಸಾಕ್ಸ್ ತಗೊಂಡು ಹೋಗ್ತಾರೆ, ಕೆಲವರು ಎರಡೆರಡು ಜೊತೆ ಒಂದರ ಮೇಲೊಂದು. ದಪ್ಪ ಸಾಕ್ಸ್ ಒಳಗೆ ಪಾದ ಜಾರುತ್ತೆ, ಜಾರಿದ್ರೆ ಉಜ್ಜುತ್ತೆ, ಉಜ್ಜಿದ್ರೆ ಬೊಬ್ಬೆ. ಜೊತೆಗೆ ಶೂ ಒಳಗೆ ಜಾಗ ಇಲ್ದೆ ರಕ್ತ ಓಡಾಡಲ್ಲ, ಬೆಚ್ಚಗಿರಲಿ ಅಂತ ಹಾಕಿದ್ದು ಕಾಲನ್ನ ಇನ್ನೂ ತಣ್ಣಗೆ ಮಾಡುತ್ತೆ. ಬೇಕಾಗಿರೋದು ತೆಳುವಾದ ಒಂದೇ ಜೊತೆ, ಶೂ ಬಾಯಿಗಿಂತ ಮೇಲೆ ಬರೋವಷ್ಟು ಉದ್ದ. ಮಕ್ಕಳ ಸ್ಕೂಲ್ ಯೂನಿಫಾರ್ಮ್ ಸಾಕ್ಸ್ ಇದ್ಯಲ್ಲ, ಮಂಡಿವರೆಗೆ ಎಳೆಯೋದು, ಅದು ಇದಕ್ಕೆ ಸರಿಯಾಗಿ ಒಪ್ಪುತ್ತೆ. ಪೂರ್ತಿ ಕಾಟನ್ ಆದ್ರೆ ಬೆವರು ಹೀರಿ ಒದ್ದೆಯಾಗಿ ಅಲ್ಲೇ ಇರುತ್ತೆ, ನೈಲಾನ್ ಸೇರಿರೋದು ವಾಸಿ. ವಾಪಸ್ ಬರುವಾಗ ಹಾಕ್ಕೊಳ್ಳೋಕೆ ಒಂದು ಒಣ ಜೊತೆ ಬೇರೆ ಇಟ್ಕೊಳ್ಳಿ. ಬಾಡಿಗೆ ಶೂನ ನಿಮಗಿಂತ ಮುಂಚೆ ಯಾರ್ಯಾರೋ ಹಾಕಿರ್ತಾರೆ, ಬರಿಗಾಲಲ್ಲಿ ಹಾಕೋದಂತೂ ಬೇಡವೇ ಬೇಡ.

ಬಟ್ಟೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಂಡಿ ಮಡಚೋಕೆ ಬರೋ ಟ್ರ್ಯಾಕ್ ಪ್ಯಾಂಟ್, ಸ್ವೆಟರ್, ಕೈಗೆ ಗ್ಲೌಸ್. ಗ್ಲೌಸ್ ಚಳಿಗೆ ಮಾತ್ರ ಅಲ್ಲ, ಬಿದ್ದಾಗ ಬೇರೆಯವರ ಬ್ಲೇಡ್ ಬೆರಳಿಗೆ ತಾಗಿದ್ರೆ ಸ್ವಲ್ಪನಾದ್ರೂ ತಡೆಯುತ್ತೆ. ದುಪಟ್ಟಾ, ಉದ್ದದ ಸ್ಕಾರ್ಫ್, ಗಾಜಿನ ಬಳೆ, ಹಿಂದಿನ ಜೇಬಲ್ಲಿ ಮೊಬೈಲು ಇವೆಲ್ಲ ಬ್ಯಾಗಲ್ಲೇ ಇರಲಿ.

ಮತ್ತೆ ಇದೊಂದು ಮರೀಬೇಡಿ, ಮಗು ಚಕ್ರದ ಸ್ಕೇಟಿಂಗ್ ಕ್ಲಾಸಿಗೆ ಹೋಗ್ತಿದ್ರೆ ಆ ಕಿಟ್ ಪೂರ್ತಿ ತಗೊಂಡು ಹೋಗಿ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮಂಡಿ ಮೊಣಕೈ ಪ್ಯಾಡ್, ಎಲ್ಲಾ ಐಸಿಗೂ ಆಗುತ್ತೆ. ಬೆಂಗಳೂರಲ್ಲಿ ಯಾರೂ ಹಾಕಿರಲ್ಲ, ಮಗೂಗೆ ನಾಚಿಕೆ ಆಗುತ್ತೆ ಅಂತ ಬಿಟ್ಟು ಹೋಗಬೇಡಿ.

ಯಾವ ತರದ ಸ್ಕೇಟ್ ಕೇಳ್ಬೇಕು

ಮುಖ್ಯವಾಗಿ ಎರಡು ತರ. ಫಿಗರ್ ಸ್ಕೇಟಲ್ಲಿ ಬ್ಲೇಡ್ ಉದ್ದ, ಸ್ವಲ್ಪ ಚಪ್ಪಟೆ, ಮುಂದುಗಡೆ ತುದಿಯಲ್ಲಿ ಗರಗಸದ ಹಲ್ಲಿನ ತರ ಇರುತ್ತೆ, ಅದಕ್ಕೆ ಟೋ ಪಿಕ್ ಅಂತಾರೆ. ಇನ್ನೊಂದು ಐಸ್ ಮೇಲೆ ಹಾಕಿ ಆಟ ಆಡೋರ ಹಾಕಿ ಸ್ಕೇಟ್, ಅದರಲ್ಲಿ ಆ ಹಲ್ಲಿಲ್ಲ, ಬ್ಲೇಡ್ ಎರಡು ತುದಿಗೂ ದುಂಡಗೆ ಮೇಲೆದ್ದಿರುತ್ತೆ, ಹಾಗಾಗಿ ಹಿಂದೆ ಮುಂದೆ ತೂಗಾಡಿದಂಗೆ ಆಗುತ್ತೆ. ಏನೂ ಗೊತ್ತಿಲ್ದೆ ಮೊದಲ ಸಲ ನಿಲ್ಲೋರಿಗೆ ಫಿಗರ್ ಸ್ಕೇಟ್ ನಿಲ್ಲೋಕೆ ಸುಲಭ ಅನ್ನೋದು ನನ್ನ ಅಭಿಪ್ರಾಯ. ಒಂದೇ ಸಾಲಲ್ಲಿ ಚಕ್ರ ಇರೋ ಇನ್‌ಲೈನ್ ಕಲಿತಿರೋ ಮಕ್ಕಳಿಗೆ ಹಾಕಿ ಸ್ಕೇಟ್ ಬೇಗ ಒಗ್ಗುತ್ತೆ.

ಆದ್ರೆ ನಾಲ್ಕು ಚಕ್ರದ ಹಳೇ ತರದ ಸ್ಕೇಟಲ್ಲಿ ಕಲಿತ ಮಕ್ಕಳ ಬಗ್ಗೆ ಹುಷಾರಾಗಿರಿ. ಅದರಲ್ಲಿ ಮುಂದೆ ರಬ್ಬರ್ ಬಿರಡೆ ಇರುತ್ತೆ, ಕಾಲ ತುದಿ ಒತ್ತಿದ್ರೆ ನಿಲ್ಲುತ್ತೆ. ಅದೇ ಅಭ್ಯಾಸದಲ್ಲಿ ಟೋ ಪಿಕ್ ಒತ್ತಿದ್ರೆ ಅದು ಐಸಿಗೆ ಕಚ್ಕೊಂಡು ಮಗು ಮುಖ ಅಡಿಯಾಗಿ ಬೀಳುತ್ತೆ. ಟೋ ಪಿಕ್ ಬ್ರೇಕ್ ಅಲ್ಲ, ನೆಗೆಯೋಕೆ ತಿರುಗೋಕೆ ಇರೋದು ಅಂತ ಐಸಿಗೆ ಇಳಿಯೋ ಮುಂಚೆನೇ ಹೇಳಿಬಿಡಿ. ಇನ್‌ಲೈನಲ್ಲಿ ಹಿಮ್ಮಡಿ ಹತ್ರ ಬ್ರೇಕ್ ಇರುತ್ತಲ್ಲ, ಐಸ್ ಸ್ಕೇಟಲ್ಲಿ ಅದೂ ಇಲ್ಲ.

ಲೇಸ್ ಬದಲು ಪ್ಲಾಸ್ಟಿಕ್ ಬಕಲ್ ಇರೋ ಗಟ್ಟಿ ಶೂನೂ ಕೆಲವು ಕಡೆ ಕೊಡ್ತಾರೆ. ಹಾಕೋದು ಬೇಗ, ಆದ್ರೆ ಅಗಲ ಪಾದಕ್ಕೆ ಬಗ್ಗಲ್ಲ. ಲೇಸಿಂದು ಸಿಕ್ರೆ ಅದನ್ನೇ ತಗೊಳ್ಳಿ.

ಕೈಗೆ ಕೊಟ್ಟ ತಕ್ಷಣ ಹಾಕ್ಬೇಡಿ, ತಿರುಗಿಸಿ ನೋಡಿ

ಮೊದಲು ಶೂನ ಆಂಕಲ್ ಹತ್ರ ಎರಡೂ ಕಡೆಯಿಂದ ಬೆರಳಲ್ಲಿ ಒತ್ತಿ. ಗಟ್ಟಿಯಾಗಿ ಎದುರು ಒತ್ತಬೇಕು. ಬಟ್ಟೆ ತರ ಮಡಚ್ಕೊಂಡ್ರೆ, ಅಲ್ಲಿ ಆಳವಾದ ಸುಕ್ಕು ಬಿದ್ದಿದ್ರೆ ಆ ಶೂ ಮುಗಿದಿದೆ ಅಂತಾನೇ ಅರ್ಥ. ಐಸ್ ಮೇಲೆ ಕಾಲು ಒಳಗಡೆ ವಾಲಿ ಹೋಗೋದನ್ನ ನೋಡಿ "ನಿನ್ನ ಕಾಲಲ್ಲಿ ಶಕ್ತಿ ಇಲ್ಲ" ಅಂತಾರಲ್ಲ, ಎಷ್ಟೋ ಸಲ ಅದು ಸತ್ತ ಶೂ, ಇಲ್ಲ ಸಡಿಲ ಲೇಸ್.

ಆಮೇಲೆ ಬ್ಲೇಡ್. ಶೂನ ತಲೆಕೆಳಗೆ ಹಿಡಿದು ಹಿಂದಿಂದ ನೋಡಿ, ಬ್ಲೇಡ್ ನೆಟ್ಟಗೆ ಇರಬೇಕು, ಸ್ಕ್ರೂ ಅಲ್ಲಾಡಬಾರದು. ಬ್ಲೇಡ್ ದಪ್ಪ 3ರಿಂದ 4 ಮಿಲಿಮೀಟರ್ ಅಷ್ಟೇ, ಆದ್ರೆ ಅದರ ಅಡಿ ಚಪ್ಪಟೆ ಅಲ್ಲ, ಮಧ್ಯದಲ್ಲಿ ಉದ್ದಕ್ಕೂ ಸಣ್ಣ ಗುಳಿ ತೆಗೆದಿರ್ತಾರೆ, ಹಾಗಾಗಿ ಒಳಗಡೆ ಒಂದು ಹೊರಗಡೆ ಒಂದು ಅಂತ ಎರಡು ಅಂಚು ಇರುತ್ತೆ. ಐಸನ್ನ ಹಿಡಿಯೋದು ಆ ಅಂಚುಗಳೇ. ಅವು ಸವೆದು ದುಂಡಗಾದ್ರೆ ಕಾಲನ್ನ ಪಕ್ಕಕ್ಕೆ ಒತ್ತಿದಾಗೆಲ್ಲ ಸರ್ ಅಂತ ಜಾರುತ್ತೆ, ಎಷ್ಟು ಒದ್ರೂ ಮುಂದಕ್ಕೆ ಹೋಗಲ್ಲ.

ಚೂಪು ನೋಡೋದು ಹೇಗೆ ಅಂದ್ರೆ ನಮ್ಮಜ್ಜ ಕುಡ್ಲು ಸಾಣೆ ಹಿಡಿದ ಮೇಲೆ ಉಗುರಲ್ಲಿ ನೋಡ್ತಿದ್ರಲ್ಲ, ಅದೇ. ಹೆಬ್ಬೆರಳ ಉಗುರನ್ನ ಅಂಚಿಗೆ ಅಡ್ಡಡ್ಡ ಹಗುರವಾಗಿ ಎಳೀರಿ, ಉಗುರಿಂದ ಬಿಳೀ ಪುಡಿ ತರ ಸ್ವಲ್ಪ ಹೆರೆದು ಬಂದ್ರೆ ಚೂಪಿದೆ. ಎರಡೂ ಅಂಚಲ್ಲಿ, ಮುಂದೆ ಮಧ್ಯ ಹಿಂದೆ ಮೂರು ಕಡೆ ನೋಡಿ. ಬೆರಳನ್ನ ಉದ್ದಕ್ಕೆ ಎಳೆಯೋದಾಗಲಿ ಬೆರಳ ಮಾಂಸದಲ್ಲಿ ಮುಟ್ಟೋದಾಗಲಿ ಬೇಡ, ಮಕ್ಕಳ ಕೈಗಂತೂ ಕೊಡ್ಬೇಡಿ. ತುಕ್ಕು, ಹಲ್ಲು ಮುರಿದಂಗೆ ಚೂರು ಎದ್ದಿರೋದು ಕಂಡ್ರೆ ಬೇರೆ ಜೊತೆ ಕೇಳಿ. "ಅಣ್ಣಾ, ಇದು ಮೊಂಡಾಗಿದೆ, ಸಾಣೆ ಹಿಡಿದಿರೋದು ಕೊಡಿ" ಅಂದ್ರೆ ಸಾಕು, ಗೊತ್ತಿರೋರು ಬಂದಿದಾರೆ ಅಂತ ಅವರಿಗೂ ತಿಳಿಯುತ್ತೆ.

ಕೆಲವು ಕಡೆ ರಿಂಕ್ ಅಂತ ಇರೋದು ಐಸೇ ಅಲ್ಲ, ಪ್ಲಾಸ್ಟಿಕ್ ಹಾಳೆ. ಮುಟ್ಟಿದ್ರೆ ತಣ್ಣಗಿರಲ್ಲ. ಅದರ ಮೇಲೆ ಬ್ಲೇಡ್ ಬೇಗ ಮೊಂಡಾಗುತ್ತೆ, ಜಾರಿಕೆನೂ ಕಮ್ಮಿ, ಅಲ್ಲಿ ಉಗುರಿನ ಪರೀಕ್ಷೆ ಇನ್ನೂ ಮುಖ್ಯ. ಚಳಿಗಾಲದಲ್ಲಿ ಶಿಮ್ಲಾ ಟೂರ್ ಹೋಗೋರು ಅಲ್ಲಿನ ರಿಂಕ್ ನೋಡೇ ಬನ್ನಿ, 1920ರಿಂದ ಇರೋದು, ನೀರು ಬಿಟ್ಟು ಚಳಿಗೆ ತಾನೇ ಹೆಪ್ಪುಗಟ್ಟೋ ಐಸ್, ಬಿಸಿಲಿಗೆ ಕರಗುತ್ತೆ ಅಂತ ಬೆಳಿಗ್ಗೆ ಸಾಯಂಕಾಲ ಮಾತ್ರ ಆಡ್ತಾರೆ. ಅಲ್ಲೂ ಬಾಡಿಗೆ ಸ್ಕೇಟ್ ತಗೊಂಡ್ರೆ ಇದೇ ಪರೀಕ್ಷೆಗಳು.

ಹಾಕೋದು, ಲೇಸ್ ಕಟ್ಟೋದು

ಇದಕ್ಕೆ ಕಾಲಿಗೆ ಐದು ನಿಮಿಷ ಆದ್ರೂ ಪರವಾಗಿಲ್ಲ, ಇದು ಸರಿಯಾದ್ರೆ ಅರ್ಧ ಕೆಲಸ ಆದಂಗೆ.

ಲೇಸನ್ನ ಬುಡದವರೆಗೂ ಸಡಿಲ ಮಾಡಿ ಶೂ ಬಾಯಿ ಪೂರ್ತಿ ಅಗಲಿಸಿ. ಪಾದ ಒಳಗಿಟ್ಟು ಲೇಸ್ ಕಟ್ಟದೇನೇ ಬೆರಳನ್ನ ಮುಂದಕ್ಕೆ ತಾಗಿಸಿ, ಹಿಮ್ಮಡಿ ಹಿಂದೆ ಒಂದು ಬೆರಳು ತೂರೋವಷ್ಟು ಜಾಗ ಇದ್ರೆ ಸರಿ, ಎರಡು ಬೆರಳು ಸಲೀಸಾಗಿ ಹೋದ್ರೆ ದೊಡ್ಡದು. ಮೊದಲು ನಿಮ್ಮ ಮಾಮೂಲಿ ಸೈಜ್ ನೋಡಿ, ಆಮೇಲೆ ಅರ್ಧ ಇಲ್ಲಾ ಒಂದು ಸೈಜ್ ಚಿಕ್ಕದೂ ಹಾಕಿ ನೋಡಿ. ಮಕ್ಕಳಿಗೆ ಸ್ಕೂಲ್ ಶೂ ತಗೊಂಡಂಗೆ "ಬೆಳೀತಾಳೆ, ದೊಡ್ಡದಿರಲಿ" ಅನ್ನೋ ಲೆಕ್ಕ ಇಲ್ಲಿ ಬೇಡ, ಒಂದು ಗಂಟೆಗೆ ಬಾಡಿಗೆ ತಗೋತಿರೋದು.

ಸೈಜ್ ಸರಿ ಅನ್ಸಿದ್ರೆ ಹಿಮ್ಮಡಿನ ಹಿಂದಕ್ಕೆ ತಳ್ಳಿ, ಬ್ಲೇಡಿನ ಹಿಂದಿನ ತುದಿನ ರಬ್ಬರ್ ಮ್ಯಾಟಿಗೆ ಎರಡು ಮೂರು ಸಲ ಕುಟ್ಟಿ, ಹಿಮ್ಮಡಿ ಅದರ ಗುಳಿಯಲ್ಲಿ ಕೂತ್ಕೊಳ್ಳುತ್ತೆ. ಶೂ ನಾಲಿಗೆನ ಮೇಲಕ್ಕೆಳೆದು ಮಧ್ಯಕ್ಕೆ ತನ್ನಿ, ಸಾಕ್ಸಲ್ಲಿ ಒಂದೂ ಮಡಿಕೆ ಇರಬಾರದು. ನನ್ನ ಮಗಳ ಬೊಬ್ಬೆ ಇದ್ದ ಜಾಗದಲ್ಲೇ ಸಾಕ್ಸಿನ ಮಡಿಕೆ ಅಚ್ಚು ಒತ್ತಿತ್ತು.

ಲೇಸನ್ನ ಮೂರು ಭಾಗ ಅಂದ್ಕೊಳ್ಳಿ. ಬೆರಳ ಹತ್ತಿರದ ಎರಡು ಮೂರು ತೂತು ಸುಮ್ನೆ ಮೆತ್ತಗೆ, ಬೆರಳು ಅಲ್ಲಾಡಿಸೋಕೆ ಬರಬೇಕು. ಅಲ್ಲಿಂದ ಪಾದದ ಮೇಲ್ಭಾಗ ದಾಟಿ ಕಾಲು ಮಡಚೋ ಜಾಗದವರೆಗೆ ಬಿಗಿ, ಒಂದೊಂದು ಅಡ್ಡ ಎಳೆಗೂ ಬೆರಳು ಹಾಕಿ ಮೇಲಕ್ಕೆಳೆದು ಬಿಗಿ ಮಾಡ್ತಾ ಬನ್ನಿ, ಕೊನೇಲಿ ಎರಡು ತುದಿ ಹಿಡಿದು ಒಂದೇ ಸಲ ಜಗ್ಗಿದ್ರೆ ಮೇಲಷ್ಟೇ ಬಿಗಿಯಾಗುತ್ತೆ, ಕೆಳಗೆ ಸಡಿಲಾನೇ ಉಳಿಯುತ್ತೆ. ಮಡಚೋ ಜಾಗದಲ್ಲಿ ಲೇಸನ್ನ ಒಂದು ಸಲದ ಬದಲು ಎರಡು ಸಲ ಸುತ್ತಿ ಎಳೀರಿ, ಕೆಳಗಿನ ಬಿಗಿ ಅಲ್ಲೇ ಲಾಕ್ ಆಗುತ್ತೆ. ಅದರ ಮೇಲಿನ ಕೊಕ್ಕೆಗಳಿಗೆ ಬಂದಾಗ ಮಂಡಿ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಹದವಾಗಿ ಹಾಕ್ಕೊಂಡು ಹೋಗಿ. ಕಟ್ಟಿದ ಮೇಲೆ ಮೇಲ್ಗಡೆ ಹಿಂಭಾಗದಲ್ಲಿ ಒಂದೆರಡು ಬೆರಳು ತೂರಬೇಕು. ಮೇಲೆ ಉಸಿರು ಕಟ್ಟಿದಂಗೆ ಬಿಗಿದ್ರೆ ಮಂಡಿ ಬಗ್ಗಲ್ಲ, ಮಂಡಿ ಬಗ್ಗದಿದ್ರೆ ಹಿಂದಕ್ಕೆ ಬೀಳೋದು ಖಂಡಿತ.

ಉಳಿದ ಉದ್ದ ಲೇಸನ್ನ ಕಾಲಿಗೆ ಸುತ್ತೋ ಅಭ್ಯಾಸ ತುಂಬಾ ಜನಕ್ಕಿದೆ, ಅದು ನರ ಒತ್ತುತ್ತೆ. ಡಬಲ್ ಗಂಟು ಹಾಕಿ ತುದಿನ ಶೂ ಒಳಗೆ ತುರುಕಿ, ನೇತಾಡೋ ಲೇಸ್ ಮೇಲೆ ಬ್ಲೇಡ್ ಹತ್ತಿದ್ರೆ ತಪ್ಪದೆ ಬೀಳ್ತೀರ. ಬಕಲ್ ಶೂ ಆದ್ರೆ ಆಂಕಲ್ ಹತ್ತಿರದ್ದು ಮೊದಲು ಬಿಗಿದು ಆಮೇಲೆ ಮೇಲಿಂದು.

ಎದ್ದು ನಿಂತು ನೋಡೋದು

ರಬ್ಬರ್ ಮ್ಯಾಟ್ ಮೇಲೇ ನಿಂತ್ಕೊಳ್ಳಿ, ಸಿಮೆಂಟು ಟೈಲ್ಸ್ ಮೇಲೆ ಕಾಲಿಡಬೇಡಿ, ಬ್ಲೇಡ್ ಹಾಳಾಗುತ್ತೆ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಹಗುರಾಗಿ ತಾಗಬೇಕು, ಮಂಡಿ ಬಗ್ಗಿಸಿದ್ರೆ ಆ ತಾಗು ಬಿಡಬೇಕು. ಬೆರಳು ಮಡಚ್ಕೊಂಡ್ರೆ ಚಿಕ್ಕದು. ಆಮೇಲೆ ತುದಿಗಾಲಲ್ಲಿ ಏಳೋ ಹಾಗೆ ಮಾಡಿ, ಒಳಗೆ ಹಿಮ್ಮಡಿ ಮೇಲೇಳಬಾರದು. ಇಡೀ ಪರೀಕ್ಷೆಯಲ್ಲಿ ಒಂದನ್ನೇ ನೋಡೋಕೆ ಟೈಮ್ ಇದೆ ಅಂದ್ರೆ ಇದನ್ನ ನೋಡಿ. ಹಿಮ್ಮಡಿ ಎದ್ದರೆ ಮೊದಲು ಲೇಸ್ ಬಿಚ್ಚಿ ಮತ್ತೆ ಕಟ್ಟಿ, ಆಗಲೂ ಎದ್ದರೆ ಶೂ ಬದಲಾಯಿಸಿ.

ಎರಡು ನಿಮಿಷ ಅಲ್ಲೇ ಓಡಾಡಿ, ಆಮೇಲೆ ಐಸಿಗೆ ಇಳೀರಿ. ಹತ್ತು ಹದಿನೈದು ನಿಮಿಷಕ್ಕೆ ಹೊರಗೆ ಬಂದು ಇನ್ನೊಂದು ಸಲ ಕಟ್ಟಿ, ಶೂ ಬೆಚ್ಚಗಾಗಿ ಲೇಸ್ ಸಡಿಲ ಆಗಿರುತ್ತೆ. ಬರೋದು ಬೇಜಾರು, ಆದ್ರೂ ಬನ್ನಿ.

ಎಲ್ಲಿ ನೋವು, ಏನರ್ಥ

ಬೆರಳು ಜೋಮು ಹಿಡಿದ್ರೆ ಮುಂದೆ ಬಿಗಿ ಜಾಸ್ತಿ, ಇಲ್ಲ ಶೂ ಚಿಕ್ಕದು, ಹೊರಗೆ ಬಂದು ಸಡಿಲ ಮಾಡಿ. ಕಾಲು ಮಡಚೋ ಜಾಗದಲ್ಲಿ ಮುಂಭಾಗಕ್ಕೆ ಚುರುಕ್ ಅಂದ್ರೆ ಲೇಸ್ ಕಚ್ತಿದೆ, ನಾಲಿಗೆ ಪಕ್ಕಕ್ಕೆ ಸರಿದಿರುತ್ತೆ, ಮಧ್ಯಕ್ಕೆ ತಂದು ಕಟ್ಟಿ. ಗಂಟಿನ ಮೂಳೆ, ಹಿಮ್ಮಡಿ ಉರಿದ್ರೆ ಅದು ಬೊಬ್ಬೆಯ ಮುನ್ಸೂಚನೆ, ಬೊಬ್ಬೆ ಬರೋವರೆಗೂ ಕಾಯಬೇಡಿ. ಪಾದದ ಅಡಿ ಕಮಾನಿನ ಜಾಗ ಹಿಡ್ಕೊಂಡಂಗೆ ನೋಯೋದು ಮಾತ್ರ ಬೇರೆ. ಭಯಕ್ಕೆ ಬೆರಳಲ್ಲೇ ನೆಲ ಹಿಡಿಯೋಕೆ ನೋಡ್ತೀವಲ್ಲ, ಅದರಿಂದ ಸ್ನಾಯು ಸುಸ್ತಾಗಿರುತ್ತೆ, ಐದು ನಿಮಿಷ ಕೂತ್ರೆ ಹೋಗುತ್ತೆ. ಸುಸ್ತು ತಡ್ಕೋಬಹುದು, ಜೋಮು ಮತ್ತು ಉರಿ ತಡ್ಕೋಬಾರದು. ಮಕ್ಕಳು ಹೇಳಿದ್ರೆ ನಂಬಿ.

ಐಸ್ ಮೇಲೆ

ಸಕಲೇಶಪುರದ ಕಡೆಯೋರಿಗೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯೋದು ಹೇಳಿಕೊಡಬೇಕಾಗಿಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ಮೈ ಚೂರು ಮುಂದಕ್ಕೆ, ಪುಟ್ಟ ಹೆಜ್ಜೆ, ಕೈ ಸೊಂಟದ ಎತ್ತರಕ್ಕೆ ಮುಂದೆ. ಐಸ್ ಮೇಲೂ ಅದೇ ನಿಲುವು, ಬಾತುಕೋಳಿ ತರ ಪಾದದ ತುದಿ ಹೊರಗಡೆ ಮಾಡಿ. ಕಾಲು ನೋಡ್ಕೊಂಡು ಹೋಗಬೇಡಿ, ಎದುರು ನೋಡಿ. ಎಲ್ಲರೂ ಯಾವ ದಿಕ್ಕಿಗೆ ಸುತ್ತುತ್ತಿದಾರೋ ಅದೇ ದಿಕ್ಕು, ಸಾಮಾನ್ಯವಾಗಿ ಗಡಿಯಾರಕ್ಕೆ ಎದುರಾಗಿ ಇರುತ್ತೆ. ನಿಲ್ಲೋಕೆ ಮಂಡಿ ಬಗ್ಗಿಸಿ ಎರಡು ಹಿಮ್ಮಡಿನೂ ಹೊರಗಡೆ ತಳ್ಳಿ, ಬ್ಲೇಡ್ ಐಸನ್ನ ಹೆರೆದು ನಿಧಾನ ಆಗುತ್ತೆ. ಮಗೂನ ಎತ್ಕೊಂಡು ಐಸ್ ಮೇಲೆ ಯಾವತ್ತೂ ಹೋಗಬೇಡಿ.

ಬೀಳ್ತೀರ, ಎಲ್ಲರೂ ಬೀಳ್ತಾರೆ, ಅದಕ್ಕೆ ಬೀಳೋದನ್ನೇ ಮೊದಲು ಕಲೀರಿ. ಬ್ಯಾಲೆನ್ಸ್ ತಪ್ತು ಅನ್ಸಿದ್ರೆ ಕುಕ್ಕರಗಾಲಿಗೆ ಇಳಿದು ಪಕ್ಕಕ್ಕೆ ಸೊಂಟ, ತೊಡೆ ಮೇಲೆ ಬೀಳಿ. ಹಿಂದಕ್ಕೆ ಕೈ ಊರಬೇಡಿ, ಮಣಿಕಟ್ಟು ಮುರಿಯೋದು ಹಾಗೇನೇ. ಗಲ್ಲ ಎದೆಗೆ ಒತ್ತಿಕೊಳ್ಳಿ, ತಲೆ ಹಿಂಭಾಗ ಐಸಿಗೆ ಬಡಿಯಲ್ಲ. ಬಿದ್ದ ತಕ್ಷಣ ಕೈ ಮುಷ್ಟಿ ಮಾಡಿ, ಹರಡಿದ ಬೆರಳ ಮೇಲೆ ಯಾರದ್ದಾದ್ರೂ ಬ್ಲೇಡ್ ಹೋಗಬಾರದು. ಏಳೋಕೆ ಮಂಡಿ ಮೇಲೆ ಬಂದು ಒಂದು ಪಾದ ಊರಿ, ಆ ಮಂಡಿ ಮೇಲೆ ಎರಡು ಕೈ ಇಟ್ಟು ಎದ್ದೇಳಿ. ಇದನ್ನ ಮನೆ ಹಜಾರದಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿ ಕರ್ಕೊಂಡು ಹೋಗಿ.

ತಲೆಗೆ ಏಟಾದ್ರೆ ಆವತ್ತಿನ ಆಟ ಅಲ್ಲಿಗೆ ನಿಲ್ಲಿಸಿ. ವಾಂತಿ, ಮಂಪರು, ಹೆಚ್ಚಾಗ್ತಾ ಹೋಗೋ ತಲೆನೋವು, ಮಾತು ತೊದಲೋದು ಏನು ಕಂಡ್ರೂ ಹಾಸನಕ್ಕೆ ಬಂದು ತೋರಿಸೋಣ ಅಂತ ರೈಲು ಹತ್ತಬೇಡಿ, ಅಲ್ಲೇ ಆಸ್ಪತ್ರೆಗೆ ಹೋಗಿ, ಬೇಕಾದ್ರೆ 108ಕ್ಕೆ ಫೋನ್ ಮಾಡಿ. ಬ್ಲೇಡ್ ತಾಗಿ ಕುಯ್ದಿದ್ರೆ ಶುಭ್ರ ಬಟ್ಟೆಯಲ್ಲಿ ಗಟ್ಟಿಯಾಗಿ ಒತ್ತಿ ಹಿಡ್ಕೊಂಡೇ ಹೋಗಿ. ಮಣಿಕಟ್ಟು ಊದಿ ಬೆರಳು ಅಲ್ಲಾಡಿಸೋಕೆ ಆಗ್ತಿಲ್ಲ ಅಂದ್ರೆ ಎಣ್ಣೆ ಹಚ್ಚಿ ನೀವಬೇಡಿ, ಎಕ್ಸ್‌ರೇ ಮಾಡಿಸಿ.

ಬಿಚ್ಚುವಾಗ

ಲೇಸ್ ಬುಡದವರೆಗೂ ಬಿಚ್ಚಿ ಆಮೇಲೆ ಕಾಲು ತೆಗೀರಿ, ಎಳೆದು ಕಿತ್ತರೆ ಒದ್ದೆ ಚರ್ಮ ಸುಲಿಯುತ್ತೆ. ಪಾದದ ಮೇಲೆ ಕೆಂಪು ಗುರುತು ಇದ್ದೇ ಇರುತ್ತೆ, ಕಾಲು ಗಂಟೆಯಲ್ಲಿ ಮಾಯ ಆದ್ರೆ ಚಿಂತೆ ಇಲ್ಲ, ಆಗದಿದ್ರೆ ಎಲ್ಲಿ ಅಂತ ನೋಡಿಟ್ಕೊಳ್ಳಿ, ಮುಂದಿನ ಸಲ ಅಲ್ಲಿ ಸಡಿಲ ಕಟ್ಟಬೇಕು. ಶೂ ಚೆನ್ನಾಗಿ ಕೂತಿದ್ರೆ ವಾಪಸ್ ಕೊಡೋ ಮುಂಚೆ ಅದರ ಹಿಮ್ಮಡಿ ಮೇಲಿರೋ ಸೈಜು, ನಂಬರು ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ನಾವೂ ತೆಗೆದಿಟ್ಟಿದೀವಿ, ಬೇಸಿಗೆ ರಜಕ್ಕೆ ಹೋದಾಗ ಅದೇ ಜೊತೆ ಕೇಳಬೇಕು ಅಂತ. ವಾಪಸ್ ದಾರಿಗೆ ಒಣ ಸಾಕ್ಸ್, ಇಲ್ಲ ಸುಮ್ನೆ ಒಂದು ಚಪ್ಪಲಿ ಇಟ್ಕೊಂಡಿರಿ, ಆ ಹೊತ್ತಿಗೆ ಬಿಗಿ ಶೂ ಮತ್ತೆ ಹಾಕೋಕೆ ಯಾರ ಕಾಲೂ ಒಪ್ಪಲ್ಲ.